ಬೀಪಾತುಮ್ಮನ ಕಿಬ್ರ್

ಕಲ್ಲುಗುಂಡಿಯ ರುಖಿಯಮ್ಮನ ನಾಲಗೆಯ ತುದಿಯಲ್ಲಿ ಸದಾ ಒಂದು ಮಾತು ಇರುತ್ತಿತ್ತು: ಕಿಬ್ರ್. ಅರ್ಥ ಅಹಂಕಾರವೇ. ಆದರೆ ಬ್ಯಾರಿಗಳ ಮನೆಯಲ್ಲಿ ಆ ಮಾತಿಗೆ ತೂಕ ಹೆಚ್ಚು. ಜಂಭದವರನ್ನು ನೋಡಿ ಜನ ನಕ್ಕು ಸುಮ್ಮನಾಗಬಹುದು. ಕಿಬ್ರ್ ಇದ್ದವರನ್ನು ದೇವರೇ ಹತ್ತಿರ ಸೇರಿಸುವುದಿಲ್ಲ ಎಂದು ಮದರಸದ ಉಸ್ತಾದರು ಚಿಕ್ಕಂದಿನಲ್ಲೇ ಕಲಿಸಿದ್ದರು. ಅಂಥ ಭಾರದ ಮಾತನ್ನು ಈ ಮಾರಾಯ್ತಿ ದಿನಕ್ಕೆ ಹತ್ತು ಸಲ ಎಲೆಯಡಿಕೆಯಂತೆ ಜಗಿಯುತ್ತಿದ್ದಳು. ಎದುರು ಮನೆಯವಳು ಕಾರಿನ ಗಾಜು ಇಳಿಸದೆ ಹೋದರೆ ಕಿಬ್ರ್. ಮದುವೆಯಲ್ಲಿ ಯಾರಾದರೂ ಬಿರಿಯಾನಿ ಅರ್ಧಕ್ಕೆ ಬಿಟ್ಟರೆ ಅದೂ ಕಿಬ್ರ್.

ಅವಳು ಮಾಡುತ್ತಿದ್ದುದು ಮಾತ್ರ ಎಲ್ಲರ ಕೈಯಲ್ಲೂ ಆಗದ ಕೆಲಸ. ಜಮಾತಿನ ಹೆಂಗಸರು ತೀರಿಕೊಂಡರೆ ಮಯ್ಯತ್ತಿಗೆ ಕೊನೆಯ ಸ್ನಾನ ಮಾಡಿಸುವವಳು ಅವಳು. ಮೂವತ್ತು ವರ್ಷಗಳಿಂದ ಅದನ್ನೇ ಮಾಡುತ್ತ ಬಂದಿದ್ದಳು. ಅದಕ್ಕೊಂದು ಕಟ್ಟುಪಾಡಿದೆ: ಮಯ್ಯತ್ತಿನ ಮೈಮೇಲೆ ಕಂಡ ಯಾವ ಊನವನ್ನೂ ಹೊರಗೆ ಹೇಳಬಾರದು. ಯಾರದೋ ವಾಸಿಯಾಗದ ಹುಣ್ಣು, ಯಾರದೋ ಉದುರಿದ ಕೂದಲು, ಎಲ್ಲವೂ ಅವಳ ಹೊಟ್ಟೆಯಲ್ಲೇ ಉಳಿದಿದ್ದವು. ಅದರ ಬಗ್ಗೆ ಅವಳಿಗೆ ಹೆಮ್ಮೆಯಿತ್ತು.

ಯಾರಿಗೂ ತಿಳಿಯದ ಚಾಳಿಯೊಂದಿತ್ತು. ತೀರಿಕೊಂಡವಳು ಬದುಕಿದ್ದಾಗ ಮೆರೆದವಳಾದರೆ, ತಲೆಗೆ ಮೊದಲ ಚೊಂಬು ನೀರು ಹೊಯ್ಯುವ ಮುಂಚೆ ರುಖಿಯಮ್ಮ ಅವಳ ಕಿವಿಗೆ ಬಗ್ಗಿ ಮೆಲ್ಲಗೆ ಕೇಳುತ್ತಿದ್ದಳು, "ಈಗ ಎಲ್ಲಿ ಹೋಯ್ತು ನಿನ್ನ ಕಿಬ್ರ್?" ಉತ್ತರ ಬರುವುದಿಲ್ಲವಲ್ಲ, ಅದೇ ಅವಳಿಗೆ ಸಮಾಧಾನ.

ಕಳೆದ ವರ್ಷ ಬೀಪಾತುಮ್ಮ ತೀರಿಕೊಂಡಳು. ಗಂಡುಮಕ್ಕಳೆಲ್ಲ ದುಬೈಯಲ್ಲಿದ್ದ, ಕೈ ತುಂಬ ಬಳೆಯ ಬೀಪಾತುಮ್ಮ. ಅದಕ್ಕೆ ಹನ್ನೊಂದು ವರ್ಷ ಮೊದಲು ಸುಳ್ಯದ ಮದುವೆ ಹಾಲ್‌ನಲ್ಲಿ ರುಖಿಯಮ್ಮ ಸಲಾಂ ಹೇಳಿದರೆ ಮರುಸಲಾಂ ಹೇಳದೆ ದಾಟಿ ಹೋಗಿದ್ದಳು. ಆಮೇಲೂ ಎರಡು ಸಲ ಹಾಗೇ ಆಯಿತು. ಸಲಾಮಿಗೆ ಉತ್ತರ ಕೊಡದಿರುವುದೆಂದರೇನು! ಅಂದಿನಿಂದ ಬೀಪಾತುಮ್ಮನ ಕಿಬ್ರ್ ಸಂಪಾಜೆಯಿಂದ ಸುಳ್ಯದವರೆಗೆ ಮಾತಾಯಿತು. ಹಬ್ಬಿಸಿದವಳು ರುಖಿಯಮ್ಮನೇ.

ಬೆಳಗ್ಗೆ ಹತ್ತು ಗಂಟೆ. ಹಿತ್ತಿಲಲ್ಲಿ ಬಟ್ಟೆ ಕಟ್ಟಿ ಮರೆ ಮಾಡಿದ್ದರು. ಒಳಗೆ ಹಲಗೆಯ ಮೇಲೆ ಬೀಪಾತುಮ್ಮ, ನೀರು ಮೊಗೆದು ಕೊಡಲು ರುಖಿಯಮ್ಮನ ಸೊಸೆ ರಿಝ್ವಾನಾ. ರುಖಿಯಮ್ಮ ಮಯ್ಯತ್ತಿನ ತಲೆಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಹನ್ನೊಂದು ವರ್ಷ ಕಾದಿದ್ದ ಮಾತು ತಡೆಯಲಿಲ್ಲ. ಸೊಸೆಗೆ ಕೇಳಿಸದಿರಲೆಂದು ಮಯ್ಯತ್ತಿನ ಕಿವಿಗೆ ಅಂಗೈ ಅಡ್ಡ ಹಿಡಿದು ಬಗ್ಗಿದಳು.

"ಈಗ ಎಲ್ಲಿ ಹೋಯ್ತು ನಿನ್ನ ಕಿಬ್ರ್?"

ಕಿವಿಯ ಒಳಗಿನಿಂದ ಸಣ್ಣದಾಗಿ ಶಿಳ್ಳೆ ಬಂತು.

ರುಖಿಯಮ್ಮ ಹಿಂದೆ ಸರಿದಳು. ಸದ್ದು ನಿಂತಿತು. ಬೀಪಾತುಮ್ಮನ ಮುಖ ಇದ್ದ ಹಾಗೆಯೇ ಇತ್ತು, ರೆಪ್ಪೆ ಮುಚ್ಚಿತ್ತು. ಮತ್ತೆ ಕೈ ತಂದಳು. ಮತ್ತೆ ಅದೇ ಶಿಳ್ಳೆ, ಎಳೆದು ಎಳೆದು, ಯಾರೋ ತುಂಬ ದೂರದಿಂದ ಕರೆದ ಹಾಗೆ.

"ಮಾಮೀ, ಎಂತ ಅದು?" ರಿಝ್ವಾನಾಳ ಕೈಯಿಂದ ಚೊಂಬು ಜಾರಿತು.

"ಸುಮ್ನಿರು," ಎಂದಳು ರುಖಿಯಮ್ಮ. ಮೂವತ್ತು ವರ್ಷ ಹೆಣಕ್ಕೆ ಹೆದರದವಳಿಗೆ ಆಗ ಹೆದರಿಕೆಯಾಯಿತು. ಕೇಳಿದ ಪ್ರಶ್ನೆಗೆ ಉತ್ತರ ಬಂತೆಂದೇ ಅವಳು ನಂಬಿದಳು. ಕೂದಲು ಸರಿಸಿ ನೋಡಿದರೆ ಕಿವಿಯ ಕುಳಿಯಲ್ಲಿ ಚರ್ಮದ ಬಣ್ಣದ, ಹುರುಳಿಕಾಳಿಗಿಂತ ಸ್ವಲ್ಪ ದೊಡ್ಡ ಯಂತ್ರ. ಕಿವುಡರು ಹಾಕುವಂಥದ್ದು, ಅಂಗೈ ಅಡ್ಡ ಬಂದರೆ ಶಿಳ್ಳೆ ಹಾಕುವಂಥದ್ದು. ಇನ್ನೊಂದು ಕಿವಿಯಲ್ಲೂ ಇತ್ತು. ಎರಡನ್ನೂ ತೆಗೆದು ಮುಷ್ಟಿ ಮುಚ್ಚಿದರೆ ಮುಷ್ಟಿಯೊಳಗೂ ಅವು ಶಿಳ್ಳೆ ಹಾಕಿದವು.

ಸ್ನಾನ ಮುಗಿದ ಮೇಲೆ ಅವನ್ನು ಹತ್ತಿಯಲ್ಲಿ ಸುತ್ತಿ ಬೀಪಾತುಮ್ಮನ ಮಗಳ ಕೈಗೆ ಗುಟ್ಟಾಗಿ ಕೊಟ್ಟಳು. ಮಗಳು ಅತ್ತಳು. "ಅಳುವಲ್ಲಿ ತೆಗೀಲಿಕ್ಕೇ ಮರ್ತುಹೋಯ್ತು. ಹನ್ನೆರಡು ವರ್ಷ ಆಯ್ತು ಉಮ್ಮನ ಕಿವಿ ಹೋಗಿ. ಗಲಾಟೆಯಲ್ಲಿ ಇದು ಹಾಕಿದ್ರೂ ಎಂತದೂ ಕೇಳುದಿಲ್ಲ. ಯಾರಿಗೂ ಗೊತ್ತಾಗುದು ಬೇಡ ಅಂತ ನಮ್ಮ ಹತ್ರ ಮಾತು ತಗೊಂಡಿದ್ರು. ನೀವೂ ಹೇಳ್ಬೇಡಿ ರುಖಿಯಮ್ಮ."

ಹೇಳುವಂತಿಲ್ಲ. ಹೇಳದಿದ್ದರೆ ಆ ಹೆಂಗಸಿನ ಮೇಲಿನ ಕಳಂಕ ಹೋಗುವಂತಿಲ್ಲ. ತಾನೇ ಹಚ್ಚಿದ ಕಳಂಕ ತೊಳೆಯಲು ಬೇಕಾದ ನೀರು ತನ್ನ ಬಾಯಲ್ಲೇ ಇದೆ, ಉಗುಳುವಂತಿಲ್ಲ.

ಮೂರನೇ ದಿನ ಬೀಪಾತುಮ್ಮನ ಮನೆಯಲ್ಲಿ ಹೆಂಗಸರು ಸೇರಿದ್ದರು. "ಒಳ್ಳೆಯವಳು ಪಾಪ. ಸ್ವಲ್ಪ ಕಿಬ್ರ್ ಇತ್ತು, ಅಷ್ಟೆ. ಅಲ್ವಾ ರುಖಿಯಮ್ಮ?" ಎಂದಳು ಒಬ್ಬಳು.

"ಇರ್ಲಿಲ್ಲ," ಎಂದಳು ರುಖಿಯಮ್ಮ. "ಅದು ನಾನು ಹುಟ್ಟಿಸಿದ್ದು. ಕಿಬ್ರ್ ಇದ್ದದ್ದು ನನಗೆ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. "ನೋಡಿ, ತೀರಿಹೋದವರ ಬಗ್ಗೆ ಒಳ್ಳೆದೇ ಹೇಳ್ಬೇಕು ಅಂತ ತನ್ನ ಮೇಲೆ ಹಾಕಿಕೊಳ್ತಾಳೆ. ಎಷ್ಟು ದೊಡ್ಡ ಮನಸ್ಸು!" ಎಂದು ಹೊಗಳಿದರು. ಬೀಪಾತುಮ್ಮನ ಹೆಸರಿಗೆ ಕಿಬ್ರ್ ಹಾಗೆಯೇ ಅಂಟಿಕೊಂಡು ಉಳಿಯಿತು.

ಈಗಲೂ ರುಖಿಯಮ್ಮ ಮಯ್ಯತ್ತಿನ ಸ್ನಾನಕ್ಕೆ ಹೋಗುತ್ತಾಳೆ, ಆದರೆ ಮಾತಿಲ್ಲ. ಹಾಡಹಗಲಲ್ಲಿ ಸುಮ್ಮನೆ ಕುಳಿತವಳು ಒಮ್ಮೊಮ್ಮೆ ಮುಷ್ಟಿಯನ್ನು ಕಿವಿಗೆ ಹಿಡಿದುಕೊಳ್ಳುತ್ತಾಳೆ. ಮೊನ್ನೆ ಸೊಸೆಯನ್ನು ಕರೆದು ಕೂರಿಸಿದಳು.

"ರಿಝ್ವಾನಾ, ನಾಳೆ ನಾನು ತೀರಿಹೋದ್ರೆ ನನಗೆ ಸ್ನಾನ ಮಾಡಿಸುದು ನೀನೇ. ಎಲ್ಲ ಹೇಳಿಕೊಟ್ಟಿದ್ದೇನೆ. ಒಂದು ಮಾತ್ರ ನೆನಪಿಟ್ಟುಕೋ. ಕಿವಿಯ ಹತ್ರ ಎಂತದೂ ಹೇಳುದು ಬೇಡ."

"ಯಾಕೆ ಮಾಮಿ?"

"ಕೇಳ್ತದೆ."