ಕಮಾನಿನ ಕೆಳಗೆ ಬುತ್ತಿ

ನನ್ನ ಪಾದಗಳು ಚಪ್ಪಟೆ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು, ಏಕೆಂದರೆ ನನ್ನ ಪಾಂಡಿತ್ಯವೆಲ್ಲ ಶುರುವಾದದ್ದು ಅಲ್ಲಿಂದಲೇ. ಕಂಪ್ಲಿಯ ನಮ್ಮ ಮನೆಯಲ್ಲಿ ಎಲ್ಲರ ಪಾದಗಳೂ ಹಾಗೇ ಇದ್ದುದರಿಂದ ಅದೊಂದು ಕೊರತೆ ಎಂದು ಯಾರಿಗೂ ತಿಳಿದಿರಲಿಲ್ಲ. ಇಂಥ ಪಾದ ಗದ್ದೆಯ ಕೆಸರಿನಲ್ಲಿ ಹೂತುಹೋಗುವುದಿಲ್ಲ ಎಂದು ಅಜ್ಜ ಜಂಬವನ್ನೂ ಕೊಚ್ಚುತ್ತಿದ್ದ. ಮದರಾಸು ಸರ್ಕಾರದ ಅರಣ್ಯ ಕಾವಲುಗಾರನಾಗುವ ಆಸೆಯಿಂದ ನಾನು ಬಳ್ಳಾರಿಗೆ ಹೋದಾಗ, ಡಾಕ್ಟರು ಒದ್ದೆ ಕಾಲಲ್ಲಿ ನನ್ನನ್ನು ನೆಲದ ಮೇಲೆ ನಾಲ್ಕು ಹೆಜ್ಜೆ ನಡೆಸಿ, ಮೂಡಿದ ಗುರುತನ್ನು ನೋಡಿ ತಲೆಯಾಡಿಸಿದರು.

"ಆರ್ಚ್ ಇಲ್ಲ," ಎಂದರು.

"ಏನಿಲ್ರೀ ಸಾಹೇಬ್ರ?"

"ಕಮಾನು. ಅಂಗಾಲಿನ್ಯಾಗ ಒಂದು ಕಮಾನು ಇರಬೇಕು. ನಿನಗ ದೇವರು ಅದನ್ನ ಕಟ್ಟೇ ಇಲ್ಲ."

ಮೈಯೊಳಗೆ ಕಮಾನು ಇರುತ್ತದೆಂದು ನನಗೆ ಗೊತ್ತಾದದ್ದೂ, ಅದು ನನಗಿಲ್ಲವೆಂದು ಗೊತ್ತಾದದ್ದೂ ಒಂದೇ ಗಳಿಗೆಯಲ್ಲಿ. ಕೆಲಸವಂತೂ ಹೋಯಿತು.

ಆಮೇಲೆ ಸಂಡೂರಿನ ಗುಡ್ಡಗಳಲ್ಲಿ ಅದಿರು ಹುಡುಕುತ್ತಿದ್ದ ಸರ್ವೇಯರೊಬ್ಬರ ಬಳಿ ಬರವಣಿಗೆಗೆ ಸೇರಿಕೊಂಡೆ. ಒಂದು ದಿನ ಅವರು ಗುಡ್ಡ ಸೀಳಿದ ಕಡೆ ಕೆಂಪು ಕಲ್ಲಿನ ಪದರಗಳು ಬಾಗಿರುವುದನ್ನು ಕೋಲಿನಿಂದ ತೋರಿಸಿ, "ನೋಡು, ಎಂಥಾ ಆರ್ಚು!" ಎಂದು ಹಿಗ್ಗಿದರು. ಒಂದು ಕಾಲಕ್ಕೆ ಮಟ್ಟಸವಾಗಿ ಹಾಸಿಕೊಂಡಿದ್ದ ಪದರಗಳು ಎರಡು ಕಡೆಯ ಒತ್ತಡಕ್ಕೆ ಹಾಗೆ ಬಾಗಿದವಂತೆ. ನನಗೆ ಹೊಟ್ಟೆಕಿಚ್ಚಾಯಿತು. ಬೇಡದ ಗುಡ್ಡಕ್ಕೆ ಅಷ್ಟು ದೊಡ್ಡ ಕಮಾನು ಕೊಟ್ಟ ದೇವರು ನನ್ನ ಅಂಗಾಲಿಗೆ ಅಂಗುಲದಷ್ಟು ಕೊಟ್ಟಿದ್ದರೆ ಏನಾಗುತ್ತಿತ್ತು?

ಅಲ್ಲಿಂದ ಮುಂದೆ ಎಲ್ಲೆಲ್ಲೂ ಕಮಾನು ನೋಡುವ ಚಟ ಹತ್ತಿತು. ಭಾನುವಾರಗಳಂದು ಹಂಪಿಗೆ ಹೋಗಿ ಅಲೆಯುತ್ತಿದ್ದೆ. ಗುಡಿಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ. ಎಲ್ಲವೂ ನನ್ನ ಪಾದದಷ್ಟೇ ನೇರ. ಅರಸರ ಮಹಲಿನ ಕಡೆಗೆ, ಆನೆಗಳ ಲಾಯದ ಕಡೆಗೆ ಬಂದರೆ ಸಾಲು ಸಾಲು ಕಮಾನುಗಳು. ಯಾವ ಸುಲ್ತಾನರ ಮೇಲೆ ವರ್ಷವರ್ಷವೂ ದಂಡು ಕಟ್ಟಿಕೊಂಡು ಹೋಗುತ್ತಿದ್ದರೋ ಅವರ ನಾಡಿನ ಕಮಾನನ್ನೇ ತಂದು ಅರಸರು ತಮ್ಮ ಆನೆಗಳ ನೆತ್ತಿಯ ಮೇಲೆ ಕಟ್ಟಿಸಿಕೊಂಡಿದ್ದರು. ಕಮಾನು ಎಂಬ ಮಾತೂ ಪಾರಸಿಯದು. ಮೂಲದಲ್ಲಿ ಬಿಲ್ಲು ಎಂದರ್ಥ. ಕತ್ತಿ ಹಿರಿದು ನಿಂತವರ ನಡುವೆ ಮಾತುಗಳು ಸುಂಕ ಕೊಡದೆ ಹೇಗೋ ಓಡಾಡಿಕೊಂಡಿರುತ್ತವೆ.

ಒಂದೇ ಮಾತನ್ನು ವೈದ್ಯರ ಬಾಯಲ್ಲಿ, ಸರ್ವೇಯರ ಬಾಯಲ್ಲಿ, ಹಂಪಿಯ ಕಲ್ಲಿನಲ್ಲಿ ಕಂಡ ಮನುಷ್ಯ ಸುಮ್ಮನಿರುವುದು ಕಷ್ಟ. ಹೊಸಪೇಟೆಯ ಕಾಲುವೆ ಕಚೇರಿಯಲ್ಲಿ ಗುಮಾಸ್ತನಾಗುವ ಹೊತ್ತಿಗೆ ನಾನು ಚಹದಂಗಡಿಯಲ್ಲಿ ಕಮಾನಿನ ವಿಷಯ ಎತ್ತಿದರೆ ಜನ ಲೋಟ ಕೆಳಗಿಟ್ಟು ಎದ್ದುಹೋಗುತ್ತಿದ್ದರು.

ಬೇಸಿಗೆಯಲ್ಲಿ ಕಾಲುವೆಗೆ ನೀರು ನಿಲ್ಲಿಸಿ ಹೂಳು ತೆಗೆಯುವುದು ನಮ್ಮ ಕಡೆಯ ವಾಡಿಕೆ. ಆ ವರ್ಷ ಅದೇ ಬಿಡುವಿನಲ್ಲಿ ಕಂಪ್ಲಿ ದಾರಿಯ ಮೇಲೆ ಕಲ್ಲಿನ ಸಣ್ಣ ಸೇತುವೆಯೊಂದನ್ನು ಕಟ್ಟಿಸುತ್ತಿದ್ದರು. ಕಟ್ಟುತ್ತಿದ್ದವನು ಹುಲುಗಪ್ಪ ಮೇಸ್ತ್ರಿ, ಅರವತ್ತು ದಾಟಿದ ಮಿತಭಾಷಿ. ಕಮಾನು ಮುಗಿದಿತ್ತು; ಆದರೆ ಅದನ್ನು ಹೊತ್ತುಕೊಂಡಿದ್ದ ಮರದ ಆಸರೆ ಇನ್ನೂ ಒಣಗಿದ ಕಾಲುವೆಯ ತುಂಬ ನಿಂತಿತ್ತು. ಸೋಮವಾರ ನೀರು ಬಿಡಬೇಕು, ಅಷ್ಟರೊಳಗೆ ಆಸರೆ ಬಿಚ್ಚಿಸು ಎಂದು ಓವರ್ಸೀಯರು ನನ್ನನ್ನು ಕಳಿಸಿದರು. ಕಾಲುವೆಯ ಕೆಳಭಾಗದಲ್ಲಿ ಕಂಪ್ಲಿಯ ರೈತರು ಭತ್ತದ ಸಸಿಮಡಿ ಮಾಡಿಕೊಂಡು ನೀರಿಗೆ ಕಾಯುತ್ತಿದ್ದರು. ಅವರಲ್ಲಿ ನನ್ನ ಸೋದರಮಾವನೂ ಒಬ್ಬ.

"ಗಾರೆ ಇನ್ನಾ ಹಸೀ ಐತ್ರಿ. ಒಂದು ವಾರ ಬೇಕು," ಎಂದ ಮೇಸ್ತ್ರಿ.

ನಾನು ಬಿಡುತ್ತೇನೆಯೇ? ಮಾತಿನಲ್ಲೇ ಅಂಗಾಲಿನಿಂದ ಹೊರಟು ಸಂಡೂರಿನ ಗುಡ್ಡ ಹತ್ತಿ ಹಂಪಿಯ ಆನೆಲಾಯಕ್ಕೆ ಇಳಿದೆ. ಕಮಾನಿನ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ, ಗಾರೆ ಬರೀ ನೆಪ ಎಂದೆ. ಆತ ಅಡ್ಡಮಾತಾಡದೆ ಪೂರ್ತಿ ಕೇಳಿದ.

"ಭಾಳ ಓದೀರಿ ಸಾಮೇರ," ಎಂದ. "ಸೋಮವಾರದೊಳಗನ ಬಿಚ್ಚೋಣು. ಆದ್ರ ನಮ್ಮಲ್ಲಿ ಒಂದು ಪದ್ಧತಿ ಐತಿ. ಬಿಚ್ಚು ಅಂದಾವ ಕೆಳಗ ಕುಂತು ಬುತ್ತಿ ಉಣಬೇಕು. ನಮ್ಮಪ್ಪ ಕುಂತಾನ, ನಾ ಕುಂತೀನಿ. ಈ ಸಲ ನೀವು ಕುಂದ್ರಿ."

ಆತ ಹಾಸ್ಯ ಮಾಡುತ್ತಿಲ್ಲವೆಂದು ಆಳುಗಳ ಮುಖ ನೋಡಿ ತಿಳಿಯಿತು. ಕಾಲುವೆಗೆ ಇಳಿದು ಕಮಾನಿನ ಕೆಳಗೆ ನಿಂತು ಮೇಲೆ ನೋಡಿದೆ. ಒಂದೊಂದು ಕಲ್ಲೂ ನನಗಿಂತ ತೂಕದ್ದು. ಅಷ್ಟು ಹೊತ್ತು ನಾನು ಮಾತಾಡಿದ ಕಮಾನುಗಳಲ್ಲಿ ಯಾವುದೂ ನನ್ನ ತಲೆಯ ಮೇಲೆ ಇರಲಿಲ್ಲ. ಬೆರಳಿನಿಂದ ಗಾರೆ ಒತ್ತಿದೆ. ಉಗುರು ಒಳಗೆ ಇಳಿಯಿತು.

ಅಂದೇ ಓವರ್ಸೀಯರಿಗೆ ಪತ್ರ ಬರೆದು ಒಂದು ವಾರ ಕೇಳಿದೆ. ಅವರು ಸ್ಥಳಕ್ಕೇ ಬಂದು ಆಳುಗಳೆದುರಿಗೇ ನನ್ನ ನೀರಿಳಿಸಿದರು, ಆದರೂ ವಾರ ಕೊಟ್ಟರು. ಸೋದರಮಾವ ಸಂತೆಯಲ್ಲಿ ಸಿಕ್ಕಾಗ ಮುಖ ತಿರುಗಿಸಿಕೊಂಡು ಹೋದ. ನೀರಿಲ್ಲದೆ ಅವನ ಮಡಿಯಲ್ಲಿ ಅರ್ಧ ಸಸಿ ಒಣಗಿ ಕೆಂಪಗಾಗಿತ್ತು. ನನಗೆ ನಿಜವಾಗಿಯೂ ನೋವಾಯಿತು. ಸೇತುವೆಯ ಮೇಲಿನ ಕಾಳಜಿಯಿಂದ ಹಾಗೆ ಮಾಡಿದೆ ಎಂದು ಈಗ ಹೇಳಿಕೊಳ್ಳಬಹುದು. ಆದರೆ ಆಗ ನನಗಿದ್ದದ್ದು ನನ್ನ ತಲೆಯ ಚಿಂತೆ ಮಾತ್ರ.

ಮುಂದಿನ ಸೋಮವಾರ ಹುಲುಗಪ್ಪ ಕೈಕಾಲು ತೊಳೆದು, ಕಮಾನಿನ ಕೆಳಗೆ ಒಂದು ಪಕ್ಕಕ್ಕೆ ಗೋಣಿ ಹಾಸಿ, ಬುತ್ತಿ ಬಿಚ್ಚಿಕೊಂಡು ಕೂತ. ಜೋಳದ ರೊಟ್ಟಿ, ಪುಂಡಿ ಪಲ್ಲೆ, ಶೇಂಗಾ ಚಟ್ನಿ. ದಂಡೆಯ ಮೇಲೆ ನಿಂತಿದ್ದ ನನ್ನನ್ನು ನೋಡಿ, "ಇಬ್ಬರಿಗಾಗೋಷ್ಟು ಐತಿ, ಬರ್ರಿ," ಎಂದ. ಅಷ್ಟು ಜನರೆದುರು ಒಲ್ಲೆ ಎನ್ನಲು ನಾಚಿಕೆಯಾಗಿ ಇಳಿದುಹೋಗಿ ಕೂತೆ. ಆಳುಗಳು ಬೆಣೆ ಬಡಿದು ಒಂದೊಂದೇ ಮರ ಎಳೆಯತೊಡಗಿದರು. ಮೇಲೆಲ್ಲೋ ಕಲ್ಲು ಕಿರ್ರೆಂದಿತು. ಚಿಟಿಕೆ ಗಾರೆಯ ಪುಡಿ ನನ್ನ ರೊಟ್ಟಿಯ ಮೇಲೆ ಉದುರಿತು. ನುಂಗಿದ ತುತ್ತು ಗಂಟಲಲ್ಲೇ ನಿಂತಿತು. ಕಮಾನೂ ನಿಂತಿತು.

"ನಿಮಗ ಹೆದರಿಕಿ ಆಗೂದಿಲ್ಲೇನ್ರಿ?" ಎಂದೆ.

"ಆಗದ ಏನ್ರಿ? ಪ್ರತಿ ಸಲಾನೂ ಎದಿ ಹೊಡಕೊಂತೈತಿ. ಕುಂದ್ರೋದು ನಾನ ಅಂತ ಗೊತ್ತಿರೋದ್ಕ ಅಲ್ಲೇನು, ಒಂದೊಂದು ಕಲ್ಲು ಮೂರು ಸಲ ತಿರುವಿ ನೋಡಿ ಇಡೋದು," ಎಂದು ಆತ ರೊಟ್ಟಿ ಮುರಿದ.

ಆಮೇಲೆ ನಾನು ಕಚೇರಿಯಲ್ಲಿ ಮೇಲೆ ಮೇಲೆ ಹೋದೆ. ಎಷ್ಟೋ ಕಾಗದಗಳಿಗೆ ರುಜು ಹಾಕಿದೆ, ಎಷ್ಟೋ ಕೆಲಸಗಳನ್ನು ಜಲ್ದಿ ಮುಗಿಸಿ ಎಂದು ಬರೆದೆ. ಅವುಗಳಲ್ಲಿ ಒಂದರ ಕೆಳಗೂ ಕೂತು ಊಟ ಮಾಡು ಎಂದು ಯಾರೂ ನನಗೆ ಹೇಳಲಿಲ್ಲ. ಹೇಳಿದ್ದರೆ ಅವುಗಳಲ್ಲಿ ಅರ್ಧಕ್ಕೆ ನಾನು ರುಜು ಹಾಕುತ್ತಿರಲಿಲ್ಲ.