ಕರುವಿಗೆ ಉಜ್ಜಿದ ಬ್ಯಾಂಡೇಜು

ಮಂಡ್ಯದ ಆಸ್ಪತ್ರೆಯಲ್ಲಿ ರಕ್ತ ತೆಗೆಯಲು ನರ್ಸು ನನ್ನ ತೋಳಿಗೆ ಸ್ಪಿರಿಟ್ಟು ಒರೆಸಿದಳು. ಆ ವಾಸನೆಗೆ ಪಕ್ಕದ ಮನೆಯ ಅಕ್ಕ ನೆನಪಾದಳು. ಅವಳ ಹಸುವಿಗೆ ಈ ವಾಸನೆ ಆಗುತ್ತಿರಲಿಲ್ಲ...

ಅಕ್ಕನ ಬಲಗೈ ಬೆರಳುಗಳು ಜೋಮು ಹಿಡಿಯುತ್ತಿದ್ದವು. ವರ್ಷಗಟ್ಟಲೆ ಹಾಲು ಕರೆದ ಕೈ. ಕೆಚ್ಚಲಿಗೆ ಕೈ ಹಾಕಿದರೆ ಮೊಲೆ ಸಿಕ್ಕಿತೋ ಇಲ್ಲವೋ ಗೊತ್ತಾಗದು. ಅವಳ ಹಸುವೋ ಬೇರೆ ಕೈಗೆ ಹಾಲು ಇಳಿಸುತ್ತಿರಲಿಲ್ಲ. ಅವಳ ಸೊಸೆ ಕೂತರೂ ಒದ್ದಿತು, ನಾನು ಕೂತರೂ ಒದ್ದಿತು. ಕೈ ಹೋದರೆ ಹಸು ಮಾರಬೇಕು. ಅವಳಿಗಿದ್ದ ಭಯ ಅದೊಂದೇ.

ನಮ್ಮೂರು ಬೆಸಗರಹಳ್ಳಿಯಿಂದ ಬಸ್ಸಿನಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದವಳು ನಾನೇ. ಮಣಿಕಟ್ಟಿನಲ್ಲಿ ನರ ಅಮುಕಿಕೊಂಡಿದೆ, ಅದರ ಮೇಲಿನ ಬಿಗಿಯಾದ ನಾರಿನ ಪಟ್ಟಿ ಕುಯ್ದು ಬಿಡಿಸಬೇಕು ಎಂದರು. ಅಂಗೈ ಸೀಳಿ ನೇರ ನೋಡಿಕೊಂಡು ಕುಯ್ಯಬಹುದು, ಇಲ್ಲವೇ ಸಣ್ಣ ತೂತು ಮಾಡಿ ಕ್ಯಾಮೆರಾ ತೂರಿಸಿ ಕುಯ್ಯಬಹುದು. ತೂತು ಮಾಡಿದರೆ ಕೈ ಸ್ವಲ್ಪ ಬೇಗ ಕೆಲಸಕ್ಕೆ ಬರುತ್ತದೆ, ದಿನ ಕಳೆದ ಮೇಲೆ ಎರಡೂ ಒಂದೇ ಎಂದರು.

"ತೂತೇ ಮಾಡಿ ಸಾಮಿ. ನಾನಾದ್ರೆ ತಡಕತೀನಿ, ಹಸ ತಡಿಯಾಕಿಲ್ಲ," ಎಂದಳು ಅಕ್ಕ.

"ಕಾಣ್ದಂಗೆ ನರನೇ ಕುಯ್ದ್ಬುಟ್ರೆ ಏನ್ ಮಾಡ್ತೀಯಕ್ಕ?" ಅಂದೆ.

"ಸುಮ್ಕಿರೇ, ಟೀವೀಲಿ ನೋಡ್ಕಂಡೇ ಕುಯ್ತಾರಂತೆ. ನೀನು ಟೀವಿ ನೋಡ್ಕಂಡು ಮುದ್ದೆ ತಿರುವಕಿಲ್ವಾ, ಸೀದೋಯ್ತದಾ?"

"ಎಷ್ಟೋ ಸಲ ಸೀದೋಗೈತೆ."

ಡಾಕ್ಟರು ನಕ್ಕುಬಿಟ್ಟರು.

ಆಪರೇಷನ್ ಚೆನ್ನಾಗಿಯೇ ಆಯಿತು. ಬ್ಯಾಂಡೇಜು ನೆನೆಯಬಾರದು, ಕೊಳೆಯಾಗಬಾರದು ಎಂದು ಹೇಳಿ ಕಳಿಸಿದರು. ಮನೆಗೆ ಬಂದವಳೇ ಎಡಗೈಯಲ್ಲಿ ಕರೆಯಲು ಕೂತಳು. ಹಸು ಅವಳನ್ನು ಮೂಸಿ ಕ್ಯಾನು ಒದ್ದಿತು. ನಾನು ಹೋಗುವಷ್ಟರಲ್ಲಿ ಸ್ಪಿರಿಟ್ಟಿನ ವಾಸನೆ ಹೋಗಲೆಂದು ಬ್ಯಾಂಡೇಜನ್ನು ಕರುವಿನ ಬೆನ್ನಿಗೂ ಜೊಲ್ಲಿಗೂ ಉಜ್ಜುತ್ತಿದ್ದಳು.

"ಕೈ ಕೀವಾಯ್ತದೆ, ಬುದ್ಧಿ ಐತೇನಕ್ಕ ನಿಂಗೆ?"

ಅವಳು ಆಗಲೇ ಮತ್ತೆ ಹಸುವಿನ ಪಕ್ಕ ಕೂತಿದ್ದಳು. "ಇಳಿಸ್ತು ನೋಡೇ, ಇಳಿಸ್ತು!"

ಕೀವಾಯಿತು. ಬೇಗ ಆಗಲೆಂದು ಮಾಡಿಸಿಕೊಂಡ ತೂತು, ಅಂಗೈ ಸೀಳಿದ್ದರೆ ಮಾಗುತ್ತಿದ್ದುದಕ್ಕಿಂತ ತಡವಾಗಿ ಮಾಗಿತು. ಡಾಕ್ಟರು ಬೈದರು, ನಾನು ಅವರಿಗಿಂತ ಹೆಚ್ಚು ಬೈದೆ. ಜೋಮು ಮಾತ್ರ ಹೋಯಿತು, ಹಸು ಕೊಟ್ಟಿಗೆಯಲ್ಲೇ ಉಳಿಯಿತು. ಆಮೇಲೆ ಹಸುವೂ ವಯಸ್ಸಾಗಿ ಸತ್ತಿತು. ಹೋದ ವರ್ಷ ಅಕ್ಕನೂ...

ಈಗ ನನ್ನ ಕೈಗೂ ಅದೇ ಕಾಯಿಲೆ. ಸೀಳುವುದೋ ತೂತೋ ಎಂದು ಡಾಕ್ಟರು ಕೇಳಿದರು. ಸೀಳಿಬಿಡಿ, ನನಗಾಗಿ ಕಾಯುವ ಹಸು ಇಲ್ಲ ಎಂದೆ.

"ಆಪರೇಷನ್ ದಿನ ಜೊತೆಗೆ ಯಾರು ಬರ್ತಾರಮ್ಮ?" ಎಂದಳು ನರ್ಸು.

"ಪಕ್ಕದ್ಮನೆ ಅಕ್ಕ..." ಅಂದುಬಿಟ್ಟೆ.

ನರ್ಸು ಬರೆದುಕೊಳ್ಳಲು ಹೊರಟಳು.

"ಬ್ಯಾಡ ಬುಡು," ಅಂದೆ. "ಮಗಳು ಬತ್ತಾಳೆ ಅಂತ ಬರ್ಕೊ."