ಹಾಲೆಂಡ್ ಮುಳುಗಿತೇನ್ರೀ ಟೀಚರ್?

ಯುರೋಪಿನ ಕಡಲತೀರಗಳನ್ನೂ ಹಳೆಯ ಪಟ್ಟಣಗಳನ್ನೂ ಹೇಗೆ ನೋಡಬೇಕೆಂದು ಹೇಳುವ ಪುಸ್ತಕಗಳೆಲ್ಲ ಒಂದೇ ಸುಳ್ಳನ್ನು ಬೇರೆ ಬೇರೆ ಫೋಟೋ ಹಾಕಿ ಹೇಳುತ್ತವೆ. ಬಿಸಿಲು ಹಿತವಾಗಿರುತ್ತದಂತೆ, ಗಾಳಿ ತಣ್ಣಗೆ ಬೀಸುತ್ತದಂತೆ, ಕಾಲುವೆ ಪಕ್ಕ ಕೂತು ಒಂದು ಕಾಫಿ ಕುಡಿದರೆ ಜನ್ಮ ಸಾರ್ಥಕವಂತೆ. ನಾನು ಹಾಲೆಂಡಿನ ಲೈಡನ್ ಊರಿನ ಪ್ರಯೋಗಾಲಯವೊಂದರಲ್ಲಿ ಜೀವಕೋಶಗಳನ್ನು ಸಾಕುವ ಕೆಲಸಕ್ಕೆ ಸೇರಿ ಆಗಲೇ ನಾಲ್ಕು ವರ್ಷವಾಗಿತ್ತು. ಅಲ್ಲಿನ ಬಿಸಿಲು ಸದಾ ರಜೆಯ ಮೇಲಿರುತ್ತದೆ, ಗಾಳಿ ಕೆನ್ನೆಗೆ ಬಾರಿಸುತ್ತದೆ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ ನನ್ನ ತಾಯಿ, ಅಮ್ಮಿ, ಬರುತ್ತಾಳೆಂದು ಗೊತ್ತಾದ ಕೂಡಲೇ ಅಂಥದೇ ಒಂದು ಪುಸ್ತಕ ಕೊಂಡು, ನೋಡಬೇಕಾದ ಜಾಗಗಳಿಗೆಲ್ಲ ಗುರುತು ಹಾಕಿ ಕೂತೆ. ಎರಡು ಸಾವಿರದ ಹತ್ತರ ಆಸುಪಾಸಿನ ಮಾತು ಇದು.

ಅಮ್ಮಿ ಗದಗಿನ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಹೈಸ್ಕೂಲಿನಲ್ಲಿ ಭೂಗೋಳ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಊಟ, ಜಗಳ, ದೇವರು ಎಲ್ಲ ದಖನಿ ಉರ್ದುವಿನಲ್ಲಿ ನಡೆಯುತ್ತಿದ್ದವು, ಭೂಗೋಳ ಮಾತ್ರ ಕನ್ನಡದಲ್ಲಿ. ಸಮುದ್ರಮಟ್ಟ ಎಂಬುದನ್ನು ದಖನಿಯಲ್ಲಿ ಹೇಗೆ ಹೇಳುವುದೆಂದು ಅವಳಿಗೇ ಗೊತ್ತಿರಲಿಲ್ಲ. ಹೀಗಾಗಿ ಆ ಬೇಸಿಗೆ ರಜೆಯ ಪ್ರವಾಸ ಪೂರ್ತಿ ಕನ್ನಡದಲ್ಲೇ ಆಯಿತು, ಅವಳಿಗೆ ಸಿಟ್ಟು ಬಂದ ಹೊತ್ತು ಬಿಟ್ಟು.

ಬಂದ ಮರುದಿನವೇ ನನ್ನ ಪುಸ್ತಕ ತೆರೆದು ತೋರಿಸಿದೆ. ಕನ್ನಡಕದ ಮೇಲಿಂದ ನೋಡಿದಳು.

"ಇವೆಲ್ಲಾ ಆಮ್ಯಾಲೆ. ಮೊದಲ ನಂಗ ಸಮುದ್ರ ಮ್ಯಾಲ, ನೆಲ ಕೆಳಗ ಇರೂ ಜಾಗ ತೋರ್ಸು."

ಇದರ ಹಿಂದೆ ಒಬ್ಬ ಬಸ್ ಕಂಡಕ್ಟರ್ ಇದ್ದ. ಮೊದಲು ಅವನ ಕಥೆ ಹೇಳಬೇಕು.

ಬಹಳ ವರ್ಷಗಳ ಹಿಂದೆ ಅಮ್ಮಿ ಬೋರ್ಡಿನ ಮೇಲೆ ಹಾಲೆಂಡ್ ಎಂದೂ ಕರೆಯುವ ನೆದರ್ಲ್ಯಾಂಡ್ಸ್ ಪಾಠದ ಚಿತ್ರ ಬರೆದಿದ್ದಳು. ಎಡಕ್ಕೆ ಎತ್ತರದಲ್ಲಿ ಸಮುದ್ರ, ನಡುವೆ ಗೋಡೆ, ಬಲಕ್ಕೆ ತಗ್ಗಿನಲ್ಲಿ ನೆಲ, ನೆಲದ ಮೇಲೆ ಒಂದು ಹಸು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ.

"ಟೀಚರ್ರೀ, ಸಮುದ್ರ ಮ್ಯಾಲ ಇದ್ರ ನೀರು ಒಳಗ ಬರಂಗಿಲ್ಲೇನ್ರೀ?"

"ಗ್ವಾಡಿ ಕಟ್ಯಾರ. ಬರಂಗಿಲ್ಲ. ಕುಂಡ್ರು."

"ಗ್ವಾಡಿ ಜಿನಗಂಗಿಲ್ಲೇನ್ರೀ? ನಮ್ಮ ಮನಿ ಗ್ವಾಡಿ ಮಳಿಗಾಲದಾಗ ಜಿನಗತೈತ್ರೀ."

ಕ್ಲಾಸೆಲ್ಲ ನಕ್ಕಿತು. ಅಮ್ಮಿಗೆ ಉತ್ತರ ಗೊತ್ತಿರಲಿಲ್ಲ. ಪರೀಕ್ಷೆಯಲ್ಲಿ ಗೋಡೆ ಅಂತ ಬರೆದರೆ ಮಾರ್ಕ್ಸ್ ಬೀಳುತ್ತವೆ, ಕೂತುಕೋ ಎಂದು ಗದರಿದಳು. ಅವನು ಕೂತ, ಸುಮ್ಮನಾಗಲಿಲ್ಲ. ಬೆಳೆದು ಕಂಡಕ್ಟರ್ ಆದ, ಆಗಿದ್ದೂ ಅಮ್ಮಿ ದಿನಾ ಶಾಲೆಗೆ ಹೋಗಿಬರುವ ಬಸ್ಸಿಗೇ. ಅವಳು ಮೆಟ್ಟಿಲು ಹತ್ತಿದ ತಕ್ಷಣ ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ: "ಹಾಲೆಂಡ್ ಮುಳುಗಿತೇನ್ರೀ ಟೀಚರ್?" ಹಾಲೆಂಡ್ ಎಂದರೆ ಊರೋ, ಹಡಗೋ, ಸಿನಿಮಾನೋ ಗೊತ್ತಿಲ್ಲದವರೂ ಹಲ್ಲು ಕಿರಿಯುತ್ತಿದ್ದರು. ಅಮ್ಮಿಯೂ ನಗುತ್ತಿದ್ದಳು. ಮನೆಗೆ ಬಂದ ಮೇಲೆ ಪಾತ್ರೆಗಳು ಮಾತ್ರ ಜೋರಾಗಿ ಸದ್ದು ಮಾಡುತ್ತಿದ್ದವು.

"ಮಂದಿ ಅಂತಾರ, ಅವ ನಗಸಾಕ ಕೇಳ್ತಾನಂತ. ನಂಗ ಗೊತ್ತು, ಅವ ಇನ್ನೂ ಉತ್ತರಾ ಕೇಳಾಕತ್ತಾನ," ಎಂದು ನನಗೆ ಹೇಳಿದ್ದಳು. ನಿವೃತ್ತಿಗೆ ಒಂದೇ ವರ್ಷ ಉಳಿದಿತ್ತು. ರಜೆ ಮುಗಿದ ಮೇಲೆ ಆ ಪಾಠವನ್ನು ಕೊನೆಯ ಸಲ ಮಾಡಬೇಕಿತ್ತು. ಕಣ್ಣಾರೆ ಕಾಣದ್ದನ್ನು ಕ್ಲಾಸಿನ ಹುಡುಗರ ಮುಂದೆ ಇನ್ನೊಮ್ಮೆ ಹೇಳಲಾರೆ ಎಂಬುದು ಅವಳ ಹಟ.

ಸಮುದ್ರ ತಾನೇ, ಅದೇನು ದೊಡ್ಡ ಮಾತು ಎಂದುಕೊಂಡು ಸ್ಕೆವೆನಿಂಗೆನ್‌ಗೆ ಕರೆದೊಯ್ದೆ. ಹೇಗ್ ನಗರದ ಪಕ್ಕದ ಕಡಲತೀರ ಅದು. ಅದರ ಹೆಸರನ್ನು ಡಚ್ಚರ ಹಾಗೆ ಹೇಳಬೇಕಾದರೆ ಗಂಟಲಲ್ಲಿ ಸ್ವಲ್ಪ ಕಫ ಇರಬೇಕು. ನನ್ನ ಪುಸ್ತಕ ಅದನ್ನು ತೀರಗಳ ರಾಣಿ ಎಂದು ಕರೆದಿತ್ತು. ರಾಣಿ ಅವತ್ತು ಯಾರ ಮೇಲೋ ಮುನಿಸಿಕೊಂಡಿದ್ದಳು. ಮರಳು ಹಾರಿ ಹಲ್ಲಿನ ಸಂದಿಯಲ್ಲೆಲ್ಲ ಸೇರಿತು. ಅಮ್ಮಿ ಸೀರೆಯ ಮೇಲೆ ನನ್ನ ಜಾಕೆಟ್, ತಲೆಯ ಮೇಲೆ ಸೆರಗು, ಸೆರಗಿನ ಮೇಲೆ ಮಫ್ಲರ್ ಹಾಕಿಕೊಂಡು ದಂಡೆಯ ರಸ್ತೆಯ ಮೇಲೆ ನಿಂತು ನೋಡಿದಳು. ಸಮುದ್ರ ಕೆಳಗಿತ್ತು. ಅದನ್ನು ಮುಟ್ಟಬೇಕಾದರೆ ಮೆಟ್ಟಿಲಿಳಿದು ಹೋಗಬೇಕಿತ್ತು.

"ಕೆಳಗ ಐತಿ," ಎಂದಳು.

"ಇಲ್ಲಿ ಮರಳಿನ ದಿಬ್ಬ ಎತ್ತರ ಇವೆ ಅಮ್ಮೀ. ದಿಬ್ಬದ ಆ ಕಡೆ ಇರೋ ಊರು ತಗ್ಗಲ್ಲಿದೆ."

"ಕಾಣವಲ್ದು."

ಅವಳನ್ನು ಸಮಾಧಾನ ಮಾಡಲು ಅಲ್ಲಿನ ಪ್ರಸಿದ್ಧ ಹೆರಿಂಗ್ ಮೀನು ಕೊಡಿಸಿದೆ. ಹಸಿ ಮೀನು, ಮೇಲೆ ಹಸಿ ಈರುಳ್ಳಿ. ಅಮ್ಮಿ ಅದನ್ನೂ ಮಾರುವವನನ್ನೂ ಸರದಿಯ ಮೇಲೆ ನೋಡಿ, "ಇವರ ಮನ್ಯಾಗ ಒಲಿ ಇಲ್ಲೇನು?" ಎಂದು ಕೇಳಿದಳು. ಅವಳ ಪಾಲಿನದನ್ನು ಒಂದು ಸಮುದ್ರ ಹಕ್ಕಿ ನನ್ನ ಕೈಯಿಂದಲೇ ಕಸಿದುಕೊಂಡು ಹೋಯಿತು. ಆ ದಿನ ತೃಪ್ತಿಯಾಗಿ ಮನೆಗೆ ಹೋದದ್ದು ಆ ಹಕ್ಕಿ ಒಂದೇ.

ಆಮೇಲೆ ಡೆಲ್ಫ್ಟ್. ನೀಲಿ ಪಿಂಗಾಣಿ, ವಾಲಿದ ಚರ್ಚಿನ ಗೋಪುರ, ಕಮಾನಿನ ಸೇತುವೆಗಳು. ಪುಸ್ತಕ ಇಲ್ಲಿ ಉಸಿರು ಬಿಗಿ ಹಿಡಿದು ನಿಲ್ಲಿ ಎಂದಿತ್ತು. ಅಮ್ಮಿ ಕಾಲುವೆಯ ಅಂಚಿನಲ್ಲಿ ಬಗ್ಗಿ ನೋಡಿದಳು. ನೀರು ರಸ್ತೆಗಿಂತ ಕೆಳಗಿತ್ತು. ಟ್ಯೂಲಿಪ್ ಹೊಲಗಳಿಗೆ ಕರೆದೊಯ್ದರೆ, ಇಷ್ಟು ಹೂ ಬೆಳೆದು ಒಬ್ಬಳೂ ತಲೆಗೆ ಮುಡಿದಿಲ್ಲವಲ್ಲ ಎಂದು ಮರುಗಿದಳು. ಆಮೇಲೆ ಹೊಲದ ಪಕ್ಕದ ಕಾಲುವೆ ನೋಡಿ ಅದೇ ಮಾತು: "ಕೆಳಗ ಐತಿ." ನಾನು ರಜೆ ಹಾಕಿ, ರೈಲು ಹಿಡಿದು, ಯುರೋಪಿನ ಅಂದವನ್ನೆಲ್ಲ ತಟ್ಟೆಯಲ್ಲಿಟ್ಟು ಕೊಡುತ್ತಿದ್ದರೆ ಇವಳು ನೀರಿನ ಮಟ್ಟ ನೋಡುತ್ತ ತಿರುಗುತ್ತಿದ್ದಳು. ನನಗೆ ಪಿತ್ತ ನೆತ್ತಿಗೇರಿತ್ತು.

"ನಿನಗೆ ಯುರೋಪ್ ತೋರಿಸುವುದೂ ಒಂದೇ, ನಮ್ಮೂರ ಚರಂಡಿ ತೋರಿಸುವುದೂ ಒಂದೇ," ಎಂದು ರೇಗಿದೆ.

"ಹೌ. ಎರಡರಾಗೂ ನೀರು ಕೆಳಗ ಐತಿ," ಎಂದಳು.

ಕೊನೆಗೆ ನಾನೇ ಸೋತು, ಲೈಡನ್ನಿನ ಅಂಚಿನಲ್ಲಿ ನಾನಿದ್ದ ಮನೆಯ ಹಿಂದಿನ ಸೈಕಲ್ ದಾರಿಗೆ ಕರೆದುಕೊಂಡು ಹೋದೆ. ಏರಿಯ ಮೇಲಿನ ದಾರಿ ಅದು. ಒಂದು ಬದಿಗೆ ಕಾಲುವೆ, ಇನ್ನೊಂದು ಬದಿಗೆ ತಗ್ಗಿನಲ್ಲಿ ಹುಲ್ಲುಗಾವಲು, ಅದರಲ್ಲಿ ಹಸುಗಳು. ದಿನಾ ಅಲ್ಲೇ ಸೈಕಲ್ ತುಳಿಯುತ್ತಿದ್ದ ನನಗೆ ಅದನ್ನು ತೋರಿಸಬೇಕೆಂದು ಹೊಳೆದೇ ಇರಲಿಲ್ಲ. ಪುಸ್ತಕದಲ್ಲಿ ಇರಲಿಲ್ಲವಲ್ಲ.

"ಇದು ಕಾಲುವಿ. ಸಮುದ್ರ ಅಲ್ಲ," ಎಂದು ಅಮ್ಮಿ ತಕರಾರು ತೆಗೆದಳು.

"ಈ ಕಾಲುವೆ ನೀರೇ ಸಮುದ್ರಕ್ಕಿಂತ ಒಂದು ಮೊಳ ಕೆಳಗಿದೆಯಂತೆ. ನಮ್ಮ ಲ್ಯಾಬಿನಲ್ಲಿ ಹೇಳಿದ್ದಾರೆ."

ಅಮ್ಮಿ ಯೋಚಿಸಿದಳು. "ಹಂಗಾರ ಕಾಲುವಿ ಹೊಲಕ್ಕಿಂತ ಮ್ಯಾಲ ಇದ್ರ ಸಾಕು, ಸಮುದ್ರಾನೂ ಮ್ಯಾಲ ಇದ್ಹಂಗಾತು." ಕಾಲುವೆ ನೋಡಿದಳು, ಹೊಲ ನೋಡಿದಳು. "ಇದ್ದಂಗ ಕಾಣತೈತಿ. ಆದ್ರ ಸಪಾಟ ಊರಾಗ ಕಣ್ಣು ನಂಬಾಕಾಗಂಗಿಲ್ಲ. ಪೈಪ್ ಐತೇನು?"

ನಲ್ಲಿಯಲ್ಲಿ ನೀರು ಎಂದೋ ಒಮ್ಮೆ ಬರುವ ಊರಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಿಲ್ಲ. ಮೇಲಿನ ಬ್ಯಾರಲ್ಲಿನಿಂದ ಕೆಳಗಿನ ಕೊಡಕ್ಕೆ ನೀರಿಳಿಸಲು ಪೈಪಿನ ತುಂಬ ನೀರು ತುಂಬಿ, ಎರಡೂ ತುದಿ ಹೆಬ್ಬೆರಳಲ್ಲಿ ಒತ್ತಿ, ಒಂದನ್ನು ಮೇಲೆ ಮುಳುಗಿಸಿ ಇನ್ನೊಂದನ್ನು ಕೆಳಗೆ ಬಿಟ್ಟರೆ ಸಾಕು. ಕೆಳಗಿನ ತುದಿ ನಿಜವಾಗಿ ಕೆಳಗಿದ್ದರೆ ನೀರು ಹರಿಯುತ್ತದೆ, ಇಲ್ಲದಿದ್ದರೆ ಏನು ಮಾಡಿದರೂ ಹರಿಯುವುದಿಲ್ಲ. ಪಕ್ಕದ ಮನೆಯವರಿಂದ ಗಿಡಕ್ಕೆ ನೀರು ಬಿಡುವ ಉದ್ದನೆಯ ಪೈಪ್ ಇಸಿದುಕೊಂಡು ಬಂದೆ. ಏಕೆಂದು ಕೇಳಿದರು. ವಿಜ್ಞಾನದ ಕೆಲಸ ಎಂದೆ. ನಮ್ಮ ಲ್ಯಾಬಿನ ಬಗ್ಗೆ ಅವರಿಗಿದ್ದ ಗೌರವ ಅಂದಿಗೆ ಮುಗಿದಿರಬೇಕು.

ನಾನು ಕಾಲುವೆಯ ಕಡೆ ಮಂಡಿಯೂರಿ ಕೂತೆ. ಅಮ್ಮಿ ಸೀರೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಇನ್ನೊಂದು ತುದಿಗೆ ಹೆಬ್ಬೆರಳೊತ್ತಿ ಹೊಲದ ಕಡೆ ಇಳಿದಳು. ಪೈಪ್ ಸೈಕಲ್ ದಾರಿಗೆ ಅಡ್ಡವಾಗಿ ಸತ್ತ ಹಾವಿನಂತೆ ಮಲಗಿತ್ತು.

"ಬಿಡು!" ಎಂದು ಕೂಗಿದಳು.

ಬಿಟ್ಟೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕೆಳಗಿನಿಂದ ನೀರು ಬೀಳುವ ಸದ್ದು, ಅದರ ಮೇಲೆ ಅಮ್ಮಿಯ ಕೂಗು: "ಬಂತು! ಬೇಟಾ, ಬಂತು!" ಅರವತ್ತರ ಹತ್ತಿರದ ಹೆಂಗಸು ಹಸುಗಳ ನಡುವೆ ಕುಣಿಯುತ್ತಿದ್ದಳು. ನನ್ನ ಸಿಟ್ಟೆಲ್ಲ ಎತ್ತ ಹೋಯಿತೋ, ನಾನೂ ಕುಣಿದೆ.

ಅಷ್ಟರಲ್ಲಿ ಒಂದು ಸೈಕಲ್ ಕಿರ್ರನೆ ಬ್ರೇಕ್ ಹಾಕಿ ನಿಂತಿತು. ಸವಾರ ಆ ಬೀದಿಯವನೇ ಒಬ್ಬ ಎತ್ತರದ ಮುದುಕ, ಹಿಂದಿನ ಬುಟ್ಟಿಯಲ್ಲಿ ನಾಯಿ. ಅವನು ಪೈಪ್ ನೋಡಿದ, ನನ್ನನ್ನು ನೋಡಿದ, ಕೆಳಗೆ ಸೀರೆಯುಟ್ಟ ಹೆಂಗಸು ತನ್ನ ದೇಶದೊಳಕ್ಕೆ ನೀರು ಬಿಡುತ್ತಿರುವುದನ್ನು ನೋಡಿದ. ಏನು ನಡೆಸಿದ್ದೀರಿ ಎಂದು ಬಹಳ ಮರ್ಯಾದೆಯಿಂದ ಕೇಳಿದ. ನನ್ನ ಹರಕು ಡಚ್ಚಿನಲ್ಲಿ ಬಸ್ಸು, ಬೋರ್ಡು, ಹುಡುಗ, ಗೋಡೆ ಎಲ್ಲವನ್ನೂ ಹೇಳಿದೆ. ಮುದುಕ ನಗಲಿಲ್ಲ. ಆ ಹುಡುಗ ಕೇಳಿದ ಪ್ರಶ್ನೆಯನ್ನು ಇನ್ನೊಮ್ಮೆ ಹೇಳಲು ಕೇಳಿದ. ಹೇಳಿದೆ.

"ಬರುತ್ತದಲ್ಲ," ಎಂದ. "ನೀರು ದಿನಾ ಒಳಗೆ ಬರುತ್ತದೆ. ಏರಿಯ ಅಡಿಯಿಂದ ಜಿನುಗುತ್ತದೆ, ಮೇಲಿಂದ ಮಳೆಯೂ ಸುರಿಯುತ್ತದೆ. ದಿನಾ ಎತ್ತಿ ಹೊರಗೆ ಹಾಕುತ್ತೇವೆ. ನಿಮ್ಮ ತಾಯಿ ಈಗ ಬಿಟ್ಟ ನೀರೂ ನಾಳೆಯೊಳಗೆ ಕಾಲುವೆಗೆ ವಾಪಸ್."

ದಾರಿಯ ತಿರುವಿನಲ್ಲಿದ್ದ ಇಟ್ಟಿಗೆಯ ಪುಟ್ಟ ಕಟ್ಟಡದತ್ತ ಕೈ ಮಾಡಿದ. ನಾಲ್ಕು ವರ್ಷ ಅದರ ಮುಂದೆ ಓಡಾಡಿದ್ದೆ, ಕರೆಂಟಿನ ಡಬ್ಬಿ ಎಂದುಕೊಂಡಿದ್ದೆ. ಅದು ಪಂಪ್‌ಹೌಸ್. ಹತ್ತಿರ ಹೋದರೆ ಒಳಗೆ ಮೋಟಾರು ಗುಂಯ್ ಎನ್ನುತ್ತಿತ್ತು. ಒಂದು ಕಡೆ ಹೊಲದ ನೀರು ತಣ್ಣಗೆ ಒಳಗೆ ಹೋಗುತ್ತಿತ್ತು, ಇನ್ನೊಂದು ಕಡೆ ನೊರೆಯೆಬ್ಬಿಸುತ್ತ ಮೇಲಿನ ಕಾಲುವೆಗೆ ಬೀಳುತ್ತಿತ್ತು. ವರ್ಷವರ್ಷವೂ ನೀರಿನ ತೆರಿಗೆಯ ಚೀಟಿ ಬಂದಾಗ ಬೈದುಕೊಂಡು ಕಟ್ಟುತ್ತಿದ್ದೆನಲ್ಲ, ಅದು ಇದಕ್ಕೆ. ಅಮ್ಮಿ ಕಂಬಿ ಹಿಡಿದು ಬಹಳ ಹೊತ್ತು ನೋಡುತ್ತ ನಿಂತಳು. ಸ್ಕೆವೆನಿಂಗೆನ್‌ನ ಸಮುದ್ರಕ್ಕೂ ಅವಳು ಅಷ್ಟು ಹೊತ್ತು ಕೊಟ್ಟಿರಲಿಲ್ಲ.

ಮನೆಗೆ ಬಂದ ಮೇಲೆ ಮಂಕಾದಳು. ಚಹಾ ಮುಂದಿಟ್ಟರೂ ಮುಟ್ಟಲಿಲ್ಲ.

"ಈಗೇನಾಯ್ತು? ಗೆದ್ದೆಯಲ್ಲ!" ಎಂದೆ.

"ಎಲ್ಲಿ ಗೆದ್ದೆ? ಅವ ಸರಿ ಕೇಳಿದ್ದ. ಗ್ವಾಡಿ ಜಿನಗತೈತಿ. ನಾ ಇಷ್ಟ ವರ್ಷ ಗ್ವಾಡಿ ಬರದೆ, ಸಮುದ್ರ ಬರದೆ, ಹಸು ಸುದ್ದಾ ಬರದೆ. ಪಂಪ್ ಬರೀಲೇ ಇಲ್ಲ. ಸರಿ ಕೇಳಿದ ಹುಡುಗನ್ನ ಕುಂಡ್ರು ಅಂದೆ."

"ಸಮುದ್ರ ಮೇಲಿದೆ, ನಾನೇ ಪೈಪ್ ಹಿಡಿದು ನೋಡಿ ಬಂದೆ ಅಂತ ಹೇಳು. ಅವನ ಬಾಯಿ ಮುಚ್ಚುತ್ತೆ. ಜಿನುಗೋ ಸುದ್ದಿ ಯಾಕೆ ತೆಗೀತೀಯ?"

ಅಮ್ಮಿ ನನ್ನನ್ನು ನೋಡಿದ ರೀತಿಗೆ ನಾನು ಮತ್ತೆ ಹೈಸ್ಕೂಲಿಗೆ ಹೋದೆ. "ನಕ್ಕೋ," ಎಂದಳು ದಖನಿಯಲ್ಲಿ, ಅಂದರೆ ಬೇಡ. ಉಳಿದ ದಿನಗಳಲ್ಲಿ ನನ್ನ ಪುಸ್ತಕದ ಊರುಗಳನ್ನೆಲ್ಲ ಸದ್ದಿಲ್ಲದೆ ನೋಡಿದಳು. ಚರ್ಚುಗಳ ಮುಂದೆ ಫೋಟೋ ತೆಗೆಸಿಕೊಂಡಳು. ಅವಳ ಗಮನ ಅಲ್ಲಿರಲಿಲ್ಲ ಎಂಬುದು ಆ ಫೋಟೋಗಳಲ್ಲಿ ಈಗಲೂ ಕಾಣುತ್ತದೆ.

ಅಮ್ಮಿ ಊರಿಗೆ ಮರಳಿದ ಮೇಲೆ, ಜೂನಿನ ಒಂದು ಮಧ್ಯಾಹ್ನ ನಾನು ಲ್ಯಾಬಿನ ಕ್ಯಾಂಟೀನಿನಲ್ಲಿ ಒಣ ಬ್ರೆಡ್ಡು, ಚೀಸು ಜಗಿಯುತ್ತಿದ್ದಾಗ ಫೋನ್ ಬಂತು. ಊರಲ್ಲಿ ಆಗ ಶಾಲೆ ಬಿಡುವ ಹೊತ್ತು.

"ಬಸ್ ಹತ್ತಾಕತ್ತೇನಿ. ಸುಮ್ನ ಕೇಳ್ಕೊ," ಎಂದು ಅಮ್ಮಿ ಫೋನನ್ನು ಹಾಗೇ ಕೈಯಲ್ಲಿ ಹಿಡಿದಳು.

ಇಂಜಿನಿನ ಗುಡುಗು, ಕೋಳಿಯ ಕೂಗು, ಯಾರದೋ ಕೆಮ್ಮು. ಅದರ ನಡುವೆ ಆ ದನಿ, ಮೊದಲಿನ ಹಾಗೆಯೇ ಖುಷಿಯಲ್ಲಿ:

"ಏನ್ರೀ ಟೀಚರ್, ಹೋಗಿ ಬಂದ್ರಂತ! ಹಾಲೆಂಡ್ ಮುಳುಗಿತೇನ್ರೀ?"

"ಹೂಂನಪಾ. ದಿನಾ ಮುಳಗತೈತಿ. ದಿನಾ ಪಂಪ್ ಹಚ್ಚಿ ನೀರು ಹೊರಗ ಹಾಕತಾರ. ಗ್ವಾಡಿ ಜಿನಗತೈತಿ. ನೀ ಸರಿ ಕೇಳಿದ್ದಿ. ಕುಂಡ್ರು ಅಂದಿದ್ದು ನಂದ ತಪ್ಪು."

ಬಸ್ಸಿನಲ್ಲಿ ಯಾರೂ ನಗಲಿಲ್ಲ. ಸೀಟಿ ಊದುವುದನ್ನೇ ಕಂಡಕ್ಟರ್ ಮರೆತಿರಬೇಕು, ಮುಂದಿನಿಂದ ಡ್ರೈವರ್, "ಏ, ರೈಟ್ ಹೇಳೋ, ಏನ್ ಮಲ್ಕೊಂಡಿ?" ಎಂದು ಕೂಗಿದ. ಆದರೂ ಸೀಟಿ ಇಲ್ಲ. ಅಮ್ಮಿಯ ಬಗ್ಗೆ ನನಗೆ ಅಷ್ಟು ಹೆಮ್ಮೆ ಹಿಂದೆಂದೂ ಆಗಿರಲಿಲ್ಲ.

ಕೊನೆಗೆ ಅವನ ದನಿ ಕೇಳಿತು, ಈ ಸಲ ಮೆಲ್ಲಗೆ, ಹಿಂದಿನ ಬೆಂಚಿನ ಹುಡುಗನ ಹಾಗೆ.

"ಟೀಚರ್ರೀ... ಕರೆಂಟ್ ಹೋದ್ರ ಏನ್ ಮಾಡತಾರ್ರೀ?"

ಗದಗಿನ ಬಸ್ಸಿನಲ್ಲಿ ಹುಟ್ಟಬೇಕಾದ ಪ್ರಶ್ನೆಯೇ ಅದು.

"ಗೊತ್ತಿಲ್ಲಪಾ," ಎಂದಳು ಅಮ್ಮಿ. "ಕೇಳಿ ಹೇಳತೇನಿ."

ಸೀಟಿ ಕೇಳಿತು, ಬಸ್ಸು ಹೊರಟಿತು. ಅಮ್ಮಿ ಫೋನನ್ನು ಬಾಯಿಗೆ ತಂದು, "ಕೇಳಿದೇನು? ಆ ನಾಯಿ ಮುದುಕನ ಮನಿಗೆ ಹೋಗಿ ಕೇಳ್ಕೊಂಡ ಬಾ. ನಾಳೆ ಇದ ಬಸ್ಸಿಗೆ ಹೋಗಬೇಕು ನಾ," ಎಂದಳು. ನಾನು ಬ್ರೆಡ್ಡನ್ನು ಅಲ್ಲೇ ಬಿಟ್ಟು ಸೈಕಲ್ ಹತ್ತಿದೆ.